ಹುಳಿ ಉಜ್ಜಿದ ಕೂಲರ್

ಗಂಗೊಳ್ಳಿಯಲ್ಲಿ ಕಬ್ಬಿಣದ್ದು ಯಾವುದೂ ಬಹಳ ದಿನ ಬಾಳುವುದಿಲ್ಲ. ಉಪ್ಪುಗಾಳಿ ಕಿಟಕಿಯ ಸರಳು ತಿನ್ನುತ್ತದೆ, ಗೇಟಿನ ಕೊಂಡಿ ತಿನ್ನುತ್ತದೆ, ಬೈಕಿನ ಸೈಲೆನ್ಸರ್ ತಿನ್ನುತ್ತದೆ. ನನ್ನ ಕಂಪ್ಯೂಟರನ್ನೂ ಒಳಗಿಂದಲೇ ತಿನ್ನುತ್ತಿದೆ ಎಂದು ನನಗೆ ತಿಳಿದದ್ದು ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಕಿರುಚಲು ಶುರುಮಾಡಿದ ಮೇಲೆ. ಮೊದಮೊದಲು ಬೆಳಿಗ್ಗೆ ಸ್ವಲ್ಪ ಹೊತ್ತು ಕಿರುಚಿ ಸುಮ್ಮನಾಗುತ್ತಿತ್ತು. ಆಮೇಲೆ ದಿನವಿಡೀ ಕಿರುಚುತ್ತಿತ್ತು. ಕೊನೆಗೆ ಕಿರುಚುವುದನ್ನು ನಿಲ್ಲಿಸಿ, ಬಿಸಿಯಾಗಿ, ಕೆಲಸದ ನಡುವೆಯೇ ಕಂಪ್ಯೂಟರು ಫಕ್ಕನೆ ಆರಿಹೋಗುತ್ತಿತ್ತು.

ಮದುವೆಯ ವಿಡಿಯೋ ಎಡಿಟ್ ಮಾಡುವುದು ನನ್ನ ಕೆಲಸ. ನನ್ನ ಸ್ವಂತ ಮದುವೆ ಬೈಂದೂರಿನ ಕಡೆಯ ಒಂದು ಮನೆಯಲ್ಲಿ ಮುಗಿದುಹೋಗಿತ್ತು. ಗಂಡನನ್ನು ಬಿಟ್ಟು ಬಂದು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಸೇರಿಕೊಂಡಿದ್ದೆ. ಅಲ್ಲಿ ಕೂತು ಬೇರೆಯವರ ಧಾರೆಗೆ ಬಣ್ಣ ತುಂಬುತ್ತಿದ್ದೆ. ಮದುಮಗನ ಹೊಟ್ಟೆ ಕಾಣದ ಹಾಗೆ ಕತ್ತರಿಸುವುದು, ಮದುಮಗಳ ಮುಖವನ್ನು ಅವಳಮ್ಮನಿಗೇ ಗುರುತು ಸಿಗದಷ್ಟು ಬೆಳ್ಳಗೆ ಮಾಡುವುದು, ಕಳಿಸಿಕೊಡುವಾಗಿನ ಅಳುವಿಗೆ ಕೊಳಲು ಹಾಕುವುದು. ಇದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಮದುವೆಯೆಂದರೆ ಮೈ ಉರಿಯುವವಳು ಮದುವೆಯನ್ನು ಇಷ್ಟು ಚೆಂದ ಕಾಣಿಸುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಎಲ್ಲಿ ಕತ್ತರಿಸಬೇಕು ಎಂದು ಗೊತ್ತಿರುವುದೇ ಅಂಥವಳಿಗೆ.

ಈ ಕೆಲಸದಲ್ಲಿ ಚಿತ್ರದ ಭಾರವನ್ನೆಲ್ಲ ಹೊರುವುದು ಗ್ರಾಫಿಕ್ಸ್ ಕಾರ್ಡು. ಅದು ಕೈಕೊಟ್ಟರೆ ಮಿಕ್ಕ ಯಂತ್ರ ಇದ್ದೂ ಇಲ್ಲದ ಹಾಗೆ. ಅದು ಕೈಕೊಡಲು ಆರಿಸಿಕೊಂಡ ಹೊತ್ತು ಎಂಥದ್ದು ಎಂದರೆ, ಬ್ರಹ್ಮಾವರದ ಒಂದು ಸ್ಟುಡಿಯೋದವರು ನನಗೆ ಆ ವರ್ಷದ ಮದುವೆಗಳ ಎಡಿಟಿಂಗ್ ಪೂರ್ತಿ ಕೊಡುವುದಾಗಿ ಹೇಳಿದ್ದರು. ಜೊತೆಗೆ ಸ್ಟುಡಿಯೋದ ಮೇಲಿನ ಕೋಣೆ. ಅಲ್ಲೇ ನನ್ನ ಯಂತ್ರ ಇಟ್ಟುಕೊಂಡು, ಅಲ್ಲೇ ಇದ್ದು, ಕೆಲಸ ಮಾಡಬಹುದು. ಅವರದ್ದು ಒಂದೇ ಮಾತು: ಯಂತ್ರ ನಡುವೆ ನಿಲ್ಲಬಾರದು. ನಾನು ಆ ಕೋಣೆಯನ್ನು ಹೋಗಿ ನೋಡಿ ಬಂದಿದ್ದೆ. ಒಂದು ಕಿಟಕಿ, ಒಂದು ನಲ್ಲಿ, ಒಳಗಿಂದ ಹಾಕಿಕೊಳ್ಳಲು ಒಂದು ಚಿಲಕ. ಅಣ್ಣನ ಮನೆಯ ನನ್ನ ಕೋಣೆಗೆ ಚಿಲಕ ಇರಲಿಲ್ಲ. ಬ್ರಹ್ಮಾವರದ ಆ ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದೆ. ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಮನೆಯಲ್ಲಿ ಹೇಳಿದಾಗ ನಗು ಬೇರೆ ಥರ ಬಂತು.

ನನ್ನ ಅಣ್ಣ ಬಂದರಿನಲ್ಲಿ ಬೋಟುಗಳ ಇಂಜಿನ್ ರಿಪೇರಿ ಮಾಡುವವನು. ಅವನ ಗ್ಯಾರೇಜಿಗೆ ಮಲ್ಪೆಯಿಂದಲೂ ಕರೆ ಬರುತ್ತದೆ. ಸಮುದ್ರದ ಮಧ್ಯೆ ನಿಂತ ಇಂಜಿನ್ನಿನ ಸದ್ದನ್ನು ಫೋನಿನಲ್ಲಿ ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲ. ಊರಿನಲ್ಲಿ ಅವನಿಗೆ ಇರುವ ಮರ್ಯಾದೆ ಬಹಳ ದೊಡ್ಡದು, ಆ ಮರ್ಯಾದೆಯ ಭಾರ ಹೊರುತ್ತಿದ್ದದ್ದು ಮಾತ್ರ ಮನೆಯ ಹೆಂಗಸರು. ಅವನು ಊಟಕ್ಕೆ ಕೂತರೆ ಮೀನಿನ ನಡುತುಂಡು ಅವನಿಗೆ. ಅವನು ಟಿವಿ ಹಾಕಿದರೆ ಅವನು ನೋಡುವುದೇ ಎಲ್ಲರೂ ನೋಡಬೇಕು. ಗಂಡನನ್ನು ಬಿಟ್ಟು ಬಂದ ತಂಗಿ ಆ ಮರ್ಯಾದೆಗೆ ಅಂಟಿದ ಕಲೆ. ಮನೆಯೊಳಗೇ ಇದ್ದರೆ ಆ ಕಲೆ ಕಾಣುವುದಿಲ್ಲ.

"ಬ್ರಹ್ಮಾವರದಂಗೆ ಒಬ್ಳೇ ಇಪ್ಪುಕಾ?" ಎಂದ. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಮೊದ್ಲ್ ಗಂಡನ ತಲೆ ಬಿಸಿ ಮಾಡ್ದ್ಳ್, ಈಗ ಕಂಪ್ಯೂಟ್ರ್ ತಲೆ ಬಿಸಿ ಮಾಡ್ತಾ ಇತ್ತ್ಳ್" ಎಂದ. ಅತ್ತಿಗೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ಜೋಕನ್ನು ಅವನು ಆ ವಾರವಿಡೀ ಬಂದವರಿಗೆಲ್ಲ ಹೇಳಿದ. ಮೀನು ಕೊಡಲು ಬಂದವಳಿಗೂ ಹೇಳಿದ. ಅವಳು ಬುಟ್ಟಿ ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೌದೆಂಬಂತೆ ತಲೆಯಾಡಿಸಿ, ಬೂತಾಯಿ ಮೀನು ಎಣಿಸತೊಡಗಿದಳು.

ಹೊಸ ಕಾರ್ಡು ಕೊಳ್ಳುವ ಶಕ್ತಿ ನನಗಿರಲಿಲ್ಲ. ಇದ್ದ ಕಾರ್ಡಿನ ಮಿದುಳಾದ ಚಿಪ್ಪಿಗೆ ಏನೂ ಆಗಿರಲಿಲ್ಲ, ಕೆಟ್ಟಿದ್ದದ್ದು ಅದನ್ನು ತಂಪು ಮಾಡುವ ಭಾಗ ಮಾತ್ರ. ಕಂಪನಿಯವರು ಕೂಡಿಸಿ ಕಳಿಸುವ ಕೂಲರ್ ಹೇಗಿರುತ್ತದೆಂದರೆ ಮೇಲೆ ಹೊಳೆಯುವ ಪ್ಲಾಸ್ಟಿಕ್ಕು, ಒಳಗೆ ಬೆರಳಗಲದ ಅಲ್ಯೂಮಿನಿಯಂ, ಮೇಲೆ ಬಡಕಲು ಫ್ಯಾನು. ಎಸಿ ಕೋಣೆಯಲ್ಲಿ ಕೂರುವವರಿಗೆ ಅದು ಸಾಕು. ನಮ್ಮ ಕಡೆಯ ಬೆವರಿಗೂ ಉಪ್ಪಿಗೂ ಅದು ಸಾಕಾಗುವುದಿಲ್ಲ. ಅದನ್ನು ಬಿಚ್ಚಿ ಎಸೆದು, ಬೇರೆಯವರು ಮಾಡುವ ದೊಡ್ಡ ಕೂಲರ್ ತಂದು ಹಾಕಬಹುದು ಎಂದು ಓದಿ ತಿಳಿದಿದ್ದೆ. ವಿಡಿಯೋಗಳನ್ನು ನೋಡಿ ನೋಡಿ ನನಗೆ ಬಾಯಿಪಾಠವಾಗಿತ್ತು. ತರಿಸಿದೆ. ಕೊರಿಯರ್‌ನವನು ತಲ್ಲೂರಿನಿಂದ ಈಚೆ ಬರುವುದಿಲ್ಲ ಎಂದ. ನಾನೇ ಬಸ್ಸಿನಲ್ಲಿ ಹೋಗಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ.

ಪೆಟ್ಟಿಗೆ ಬಿಚ್ಚಿದಾಗ ಮನೆಯವರೆಲ್ಲ ಸುತ್ತ ನಿಂತರು. ತೆಳ್ಳಗಿನ ಅಲ್ಯೂಮಿನಿಯಂ ತಗಡುಗಳ ಸಾಲು, ಅವುಗಳ ನಡುವೆ ನುಗ್ಗಿ ಬಾಗಿದ ತಾಮ್ರದ ಕೊಳವೆಗಳು, ಮೇಲೆ ಎರಡು ದೊಡ್ಡ ಫ್ಯಾನು, ಅಡಿಯಲ್ಲಿ ಚಿಪ್ಪಿನ ಮೇಲೆ ಕೂರುವ ಬೆಂಕಿಪೆಟ್ಟಿಗೆಯಷ್ಟು ಅಗಲದ ತಾಮ್ರದ ಬಿಲ್ಲೆ.

"ಇದೆಂತ ಹೆಣೆ, ಇಡ್ಲಿ ಬೇಯ್ಸುವ ಅಟ್ಟವಾ?" ಎಂದಳು ಅತ್ತಿಗೆ. "ಒಂದ್ ಹೊಟ್ಟೆಗ್ ಹಾಕೂಕೆ ಆತಿಲ್ಲೆ, ಒಂದ್ ಮೈಗ್ ಹಾಕೂಕೆ ಆತಿಲ್ಲೆ."

"ನಿಮ್ಗ್ ಎರಡೂ ಆತಿಲ್ಲೆ ಬಿಡಿ ಅತ್ತಿಗೆ, ನಿಮ್ ಅಳತೆಗೆ ಸಿಕ್ಕೂದಿಲ್ಲೆ" ಎಂದೆ. ನನ್ನ ನಾಲಿಗೆಯೂ ಕಡಿಮೆಯದ್ದಲ್ಲ. ಆ ದಿನ ಸಂಜೆ ನನ್ನನ್ನು ಯಾರೂ ಚಹಾಕ್ಕೆ ಕರೆಯಲಿಲ್ಲ.

ಅಮ್ಮ ಮಾತ್ರ ಕೂಲರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಅಪ್ಪ ಹೋದ ಮೇಲೆ ಅಮ್ಮ ಆ ಮನೆಯಲ್ಲಿ ಸದ್ದಿಲ್ಲದೆ ಓಡಾಡಲು ಕಲಿತಿದ್ದಳು. ಸೊಸೆ ಎದ್ದು ಬರುವ ಮೊದಲೇ ಒಲೆ ಒರೆಸಿ, ಮಗ ಬರುವ ಮೊದಲೇ ಅವನ ಚಪ್ಪಲಿಯನ್ನು ಜೋಡಿಸಿಡುವಳು. ನಾನು ಎಂಥದ್ದೋ ದೊಡ್ಡ ಕೆಲಸಕ್ಕೆ ಹೊರಟಿದ್ದೇನೆ ಎಂಬುದು ಅವಳಿಗೆ ಅರ್ಥವಾಗಿತ್ತು, ಅದರಲ್ಲಿ ತನ್ನದೂ ಒಂದು ಕೈ ಇರಲಿ ಎಂದು ಅವಳಿಗೆ ಆಸೆಯಾಯಿತು. ಆ ಆಸೆಯೇ ಅವಳಿಗೆ ಮುಳುವಾಯಿತು.

ಮರುದಿನ ನಾನು ಗ್ರಾಫಿಕ್ಸ್ ಕಾರ್ಡು ಒರೆಸುವ ಸ್ಪಿರಿಟ್ ತರಲು ಮೆಡಿಕಲ್ ಶಾಪಿಗೆ ಹೋಗಿ ಬರುವಷ್ಟರಲ್ಲಿ, ಬಾವಿಕಟ್ಟೆಯ ಮೇಲೆ ಅಮ್ಮ ಕೂತಿದ್ದಳು. ಪಕ್ಕದಲ್ಲಿ ಒಂದು ಉಂಡೆ ಹುಣಸೆಹುಳಿ, ಕಲ್ಲುಪ್ಪು, ತೆಂಗಿನ ನಾರು. ಮುಂದೆ ನನ್ನ ಕೂಲರ್. ತಾಮ್ರ ಕಪ್ಪಾಗಿ ಕಂಡರೆ ನಮ್ಮ ಹೆಂಗಸರ ಕೈ ತಾನಾಗಿ ಹುಳಿಯ ಭರಣಿಗೆ ಹೋಗುತ್ತದೆ. ಬಚ್ಚಲಿನ ಹಂಡೆಯನ್ನು ತಿಕ್ಕುವ ಹಾಗೆ ಆ ಬಿಲ್ಲೆಯನ್ನು ಹುಳಿ ಉಪ್ಪು ಹಾಕಿ ತಿಕ್ಕಿ, ಬಾವಿನೀರಿನಲ್ಲಿ ತೊಳೆದು, ಬಿಸಿಲಿಗೆ ಹಿಡಿದಿದ್ದಳು.

"ಕಾಣ್ ಮಗಾ, ಮಸಿ ಹಿಡ್ದಿತ್ತ್. ಈಗ ಹ್ಯಾಂಗ್ ಹೊಳಿತ್ತ್ ಕಾಣ್" ಎಂದಳು.

ನಾನು ಕೂಗಿದ ಕೂಗು ಪಕ್ಕದ ಮನೆಯವರಿಗೂ ಕೇಳಿರಬೇಕು. ಮುಟ್ಟಬೇಡ ಎಂದಿದ್ದೆನಲ್ಲ, ಇದೇನು ಹಂಡೆಯಾ, ನಿನಗೆ ತಲೆ ಇದೆಯಾ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅಮ್ಮ ಹುಳಿಯ ಕೈಯನ್ನು ಸೀರೆಗೆ ಒರೆಸುತ್ತ ನಿಂತಳು. ಅಣ್ಣ ಜಗಲಿಯಲ್ಲಿ ಕೂತು ಹಲ್ಲಿಗೆ ಕಡ್ಡಿ ಹಾಕುತ್ತ ಎಲ್ಲವನ್ನೂ ಕೇಳಿಸಿಕೊಂಡ.

ನಿಜ ಹೇಳಬೇಕೆಂದರೆ ಏನೂ ಆಗಿರಲಿಲ್ಲ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಸ್ಪಿರಿಟ್ ಹಾಕಿ ಒರೆಸಿದೆ. ಒಂದು ಗೆರೆಯಿಲ್ಲ, ಒಂದು ಕಲೆಯಿಲ್ಲ. ತಾಮ್ರದಲ್ಲಿ ನನ್ನ ಮೂಗು ಕಾಣುವಷ್ಟು ಚೊಕ್ಕವಾಗಿತ್ತು. ಏನೂ ತೊಂದರೆ ಆಗಿಲ್ಲ ಎಂದು ಅಮ್ಮನಿಗೆ ಹೇಳಿದೆ. ಅವಳು ನಂಬಿದಂತೆ ತಲೆಯಾಡಿಸಿದಳು.

ಭಾನುವಾರ ಬೆಳಿಗ್ಗೆ ಹೊರಗಿನ ಮೇಜಿನ ಮೇಲೆ ಹಳೇ ಬಿಳಿ ಪಂಚೆ ಹಾಸಿ ಕೆಲಸಕ್ಕೆ ಕೂತೆ. ಕಾರ್ಡನ್ನು ಕಂಪ್ಯೂಟರಿನಿಂದ ಕಳಚಿ ಬೋರಲು ಹಾಕಿದೆ. ಹಳೇ ಕೂಲರನ್ನು ಹಿಡಿದದ್ದು ಚಿಪ್ಪಿನ ನಾಲ್ಕು ಮೂಲೆಯ ನಾಲ್ಕು ಸಣ್ಣ ಸ್ಕ್ರೂ. ಮೂರು ಬಿಚ್ಚಿದವು. ನಾಲ್ಕನೆಯದ್ದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತಿರುಗಿಸಿದಷ್ಟೂ ಅದರ ತಲೆ ಸವೆಯಿತು. ಇನ್ನೊಂದು ಸಲ ಜಾರಿದರೆ ಸ್ಕ್ರೂಡ್ರೈವರ್ ಹೋಗಿ ಕಾರ್ಡಿನ ಹಲಗೆಯನ್ನೇ ಗೀರುತ್ತದೆ ಎಂಬ ಹೆದರಿಕೆಗೆ ಕೈ ನಿಲ್ಲಿಸಿ ಕೂತೆ. ಬೆವರು ಕಣ್ಣಿಗಿಳಿಯುತ್ತಿತ್ತು. ಆಗ ಅಣ್ಣ ತನ್ನ ಸಣ್ಣ ಹತ್ಯಾರಿನ ಡಬ್ಬಿ ತಂದು ಎದುರಿಗೆ ಕೂತ.

"ಅತ್ಲಾಯ್ ಸರಿ, ನಾ ಕಾಂತೆ" ಎಂದ.

ಅವನು ಕರೆಯದೆ ಬಂದದ್ದು ನನಗೆ ಎಷ್ಟು ಹಿತವಾಯಿತು ಎಂದು ಈಗ ನೆನೆದರೂ ಅಸಹ್ಯವಾಗುತ್ತದೆ. ಅವನು ಆ ಸ್ಕ್ರೂ ಬಿಚ್ಚಿದ ರೀತಿಯನ್ನು ಮಾತ್ರ ನಾನು ಮರೆಯಲಾರೆ. ಕಡ್ಡಿಯ ತುದಿಯಲ್ಲಿ ಒಂದು ಹನಿ ಎಣ್ಣೆ ತೆಗೆದು ಬುಡಕ್ಕೆ ಮುಟ್ಟಿಸಿದ. ಕಾದ. ಚೂರು ಬಲಕ್ಕೆ, ಚೂರು ಎಡಕ್ಕೆ, ಮಗುವಿನ ಹಾಲುಹಲ್ಲು ಅಲುಗಿಸುವ ಹಾಗೆ ಅಲುಗಿಸಿದ. ಬೋಟಿನ ಸ್ಪಾನರ್ ಹಿಡಿದು ದಪ್ಪಗಟ್ಟಿದ ಆ ಬೆರಳುಗಳು ಅಷ್ಟು ಮೆತ್ತಗೆ ಇರಬಲ್ಲವು ಎಂದು ನನಗೆ ಗೊತ್ತೇ ಇರಲಿಲ್ಲ. ಸ್ಕ್ರೂ ಹೊರಗೆ ಬಂತು. ನಾನು ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದೆ.

ಹಳೇ ಕೂಲರ್ ಎದ್ದು ಬಂತು. ಚಿಪ್ಪಿಗೂ ಕೂಲರಿಗೂ ನಡುವೆ ಶಾಖ ದಾಟಿಸಲು ಹಚ್ಚಿದ್ದ ಪೇಸ್ಟು ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಅದನ್ನು ಸ್ಪಿರಿಟ್‌ನಲ್ಲಿ ನೆನೆಸಿ ಒರೆಸಿದೆ. ಚಿಪ್ಪು ಹೊರಬಂತು. ಉಗುರಿನಷ್ಟು ಅಗಲದ, ಕಪ್ಪು ಗಾಜಿನಂಥ ಚೌಕ. ಅದರ ಮೇಲೆ ಮುಚ್ಚಳವಿಲ್ಲ, ಕವಚವಿಲ್ಲ. ಅಂಚು ಚೂರು ಮುಕ್ಕಾದರೂ ಅದರ ಕಥೆ ಮುಗಿಯಿತು. ಅದನ್ನು ಅಣ್ಣನಿಗೆ ಹೇಳಿದೆ. ಹೆಸರುಕಾಳಿನಷ್ಟು ಹೊಸ ಪೇಸ್ಟನ್ನು ನಡುವೆ ಇಟ್ಟೆ. ಹೊಸ ಕೂಲರನ್ನು ಮೇಲೆ ಕೂರಿಸಿದೆವು. ಇನ್ನು ಉಳಿದದ್ದು ನಾಲ್ಕು ಮೂಲೆಯ ನಾಲ್ಕು ಸ್ಕ್ರೂ ಬಿಗಿಯುವುದು.

"ಇದನ್ನೂ ನಾನೇ ಮಾಡ್ತೆ" ಎಂದ ಅಣ್ಣ.

"ಅಡ್ಡ ಮೂಲೆ ಹಾಕಣ್ಣ. ಒಂಚೂರ್ ಇದ್, ಒಂಚೂರ್ ಆಚಿಂದ್" ಎಂದೆ.

ಅವನು ನನ್ನನ್ನು ನೋಡಿದ. "ನಂಗೆ ಹೇಳಿಕೊಡ್ತ್ಯಾ?"

ನಾನು ನಾಚಿಕೊಂಡು ನಕ್ಕೆ. ಯಾಕೆಂದರೆ 'ಅಡ್ಡ ಮೂಲೆ' ಎನ್ನುವ ಮಾತೇ ಅವನದ್ದು. ಇಂಜಿನ್ನಿನ ತಲೆಯ ಬೋಲ್ಟುಗಳನ್ನು ಒಂದೇ ಕಡೆ ಪೂರ್ತಿ ಬಿಗಿದರೆ ಇನ್ನೊಂದು ಕಡೆ ಎದ್ದು ಬಿರುಕು ಬಿಡುತ್ತದೆ. ಅದಕ್ಕೆ ಒಂದು ಮೂಲೆ ಚೂರು, ಅದರ ಎದುರು ಮೂಲೆ ಚೂರು, ಹೀಗೆ ಸುತ್ತಿ ಸುತ್ತಿ ಬಿಗಿಯಬೇಕು. "ಅಡ್ಡ ಮೂಲೆ, ಅಡ್ಡ ಮೂಲೆ" ಎಂದು ಅವನು ಕೆಲಸದವರಿಗೆ ಕಿರುಚುವುದು ಬಂದರಿನ ದಾರಿಯಲ್ಲಿ ಹೋಗುವವರಿಗೆಲ್ಲ ಕೇಳುತ್ತಿತ್ತು. ಒಮ್ಮೆ ಒಬ್ಬ ಕೆಲಸದವನು ಮರೆತು ಒಂದು ಕಡೆ ಬಿಗಿದದ್ದಕ್ಕೆ ಅವನ ಕಾಲ ಮೇಲೆ ಸ್ಪಾನರ್ ಎಸೆದಿದ್ದ. ಆ ಮನುಷ್ಯ ಕುಂಟಿಕೊಂಡು ಮನೆಗೆ ಹೋದವನು ತಿರುಗಿ ಬರಲಿಲ್ಲ. ಅಂಥವನಿಗೆ ನಾನು ಅಡ್ಡ ಮೂಲೆ ಹೇಳಿಕೊಡಲು ಹೋಗಿದ್ದೆ.

ಅವನು ಮೊದಲ ಸ್ಕ್ರೂ ಹಿಡಿದ. ತಿರುಗಿಸಿದ. ನಿಲ್ಲಿಸಲಿಲ್ಲ. ಮತ್ತೆ ತಿರುಗಿಸಿದ. ಎದುರು ಮೂಲೆಗೆ ಹೋಗಲಿಲ್ಲ. ಕೂಲರ್ ಒಂದು ಬದಿಗೆ ವಾಲುತ್ತಿರುವುದು ನನಗೆ ಕಂಡಿತು. "ಅಣ್ಣ" ಎಂದೆ. ಅವನು ಮಣಿಕಟ್ಟು ಬಿಗಿಮಾಡಿ ಇನ್ನೊಂದು ಸುತ್ತು ಹಾಕಿದ. ಟಿಕ್ ಎಂದಿತು. ಹಪ್ಪಳದ ಅಂಚು ಮುರಿದಷ್ಟೇ ಸದ್ದು. ಅವನು ತಲೆ ಎತ್ತದೆ ಉಳಿದ ಮೂರು ಸ್ಕ್ರೂಗಳನ್ನೂ ಒಂದಾದ ಮೇಲೊಂದರಂತೆ ಬಿಗಿದು, ಹತ್ಯಾರಿನ ಡಬ್ಬಿ ಮುಚ್ಚಿ, "ಆಯ್ತ್ ಕಾಣ್" ಎಂದ.

ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಸ್ವಿಚ್ಚು ಒತ್ತಿದೆ. ಹೊಸ ಫ್ಯಾನುಗಳು ತಿರುಗಿದವು. ಕಿವಿ ಹತ್ತಿರ ಇಟ್ಟರೂ ಸದ್ದಿಲ್ಲ, ಅಷ್ಟು ನಯ. ಪರದೆಯಲ್ಲಿ ಏನೂ ಬರಲಿಲ್ಲ. ಬಿಚ್ಚಿ ಹಾಕಿದೆ, ವಯರು ಬದಲಿಸಿದೆ, ಮತ್ತೆ ಒತ್ತಿದೆ. ಸತ್ತ ಕಾರ್ಡನ್ನು ಎರಡು ಫ್ಯಾನುಗಳು ಬಹಳ ಚೆನ್ನಾಗಿ ತಂಪು ಮಾಡುತ್ತಿದ್ದವು.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಒಳಗೆ ಕೂಗಿ ಹೇಳಿದ. "ಹ್ವಾಯ್ ಅಮ್ಮ, ಆಯ್ತಲೆ ನಿನ್ ಕೆಲ್ಸ! ಹುಳಿ ತಿಕ್ಕಿ ತಿಕ್ಕಿ ಮಗಳ ಮಷೀನ್ ತೆಗ್ದೆ. ಹುಳಿ ನೀರ್ ಒಳ್ಗ್ ಇಳ್ದಿತ್, ಎಲ್ಲ ಹೋಯ್ತ್."

ಅಮ್ಮ ಬಾಗಿಲಿಗೆ ಬಂದು ನಿಂತಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಅತ್ತಿಗೆ ಹಿಂದಿನಿಂದ ಬಂದು, "ವಯಸ್ಸಾದವ್ರಿಗೆ ಸುಮ್ನ್ ಕೂಕಂಬುಕೆ ಆತಿಲ್ಲೆ" ಎಂದಳು. ಹುಳಿಯಲ್ಲ ಎಂದೆ ನಾನು. ಹುಳಿಯಿಂದ ಏನೂ ಆಗಿಲ್ಲ ಎಂದು ಜೋರಾಗಿಯೇ ಹೇಳಿದೆ. "ಮೊನ್ನೆ ನೀನೇ ಅಲ್ದಾ ಊರ್ ಕೇಂಬಂಗೆ ಬೈದದ್ದ್?" ಎಂದ ಅಣ್ಣ. ಅಮ್ಮ ಸೀರೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, "ನನ್ ಕೈ ಕಡ್ದ್ ಬಿಸಾಡ್ಕ್" ಎಂದು ಒಳಗೆ ಹೋದಳು. ಮಧ್ಯಾಹ್ನ ಊಟ ಮಾಡಲಿಲ್ಲ. ಅವಳು ಊಟ ಬಿಟ್ಟದ್ದನ್ನು ಅಣ್ಣ ನೋಡಿದ, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಅವರೆಲ್ಲ ಮಲಗಿದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲೇ ಕೂತು ಕೂಲರನ್ನು ಮತ್ತೆ ಬಿಚ್ಚಿದೆ. ಅವನು ಬಿಗಿದ ಮೊದಲ ಮೂಲೆಯ ಕಡೆ ಚಿಪ್ಪಿನ ಅಂಚು ಮುಕ್ಕಾಗಿತ್ತು. ಪೇಸ್ಟಿನಲ್ಲಿ ಕರಿ ಗಾಜಿನ ಚೂರು ಅಂಟಿತ್ತು. ನನಗೆ ಅಳು ಬರಲಿಲ್ಲ. ಬ್ರಹ್ಮಾವರದ ಕೋಣೆಯ ಚಿಲಕ ಕಣ್ಣಮುಂದೆ ಬಂತು. ಒಂದೇ ಒಂದು ಅನುಮಾನ ಉಳಿದಿತ್ತು. ಎಷ್ಟೆಂದರೂ ಅವನು ಬೋಟಿನ ಕೈಯವನು, ಇಷ್ಟು ನಾಜೂಕಿನ ವಸ್ತು ಅವನಿಗೆ ತಿಳಿದಿರಲಿಕ್ಕಿಲ್ಲ, ತಪ್ಪಿ ಆಗಿರಬಹುದು ಎಂದು ಮನಸ್ಸು ಒಂದು ಮೂಲೆಯಲ್ಲಿ ಅವನ ಪರ ವಾದಿಸುತ್ತಿತ್ತು. ಒಡಹುಟ್ಟಿದವರ ವಿಷಯದಲ್ಲಿ ಮನಸ್ಸಿಗೆ ಇಂಥ ಕೆಟ್ಟ ಚಾಳಿ ಇರುತ್ತದೆ.

ಸೋಮವಾರ ಬಂದರಿಗೆ ಹೋದೆ. ಗ್ಯಾರೇಜಿನಲ್ಲಿ ಅವನು ಒಂದು ಇಂಜಿನ್ನಿನ ತಲೆ ಕೂರಿಸುತ್ತಿದ್ದ. ನನ್ನ ಕಡೆ ನೋಡದೆ ಒಂದು ಬೋಲ್ಟು ಚೂರು, ಎದುರಿನದ್ದು ಚೂರು, ಮತ್ತೆ ಇದು, ಮತ್ತೆ ಅದು. ಮುಗಿಯುವವರೆಗೆ ನಿಂತು ನೋಡಿದೆ. ಆಮೇಲೆ ಮುಕ್ಕಾದ ಕಾರ್ಡನ್ನು ಇಂಜಿನ್ನಿನ ಮೇಲಿಟ್ಟೆ.

"ಇದ್ಕೆ ಅಡ್ಡ ಮೂಲೆ ಬ್ಯಾಡ್ದಾ?" ಎಂದೆ.

ಅವನು ಕಾಟನ್ ವೇಸ್ಟಿನಲ್ಲಿ ಕೈ ಒರೆಸಿಕೊಂಡ. ಸುತ್ತ ಯಾರೂ ಹತ್ತಿರದಲ್ಲಿಲ್ಲ ಎಂದು ನೋಡಿಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಿತ್ತು.

"ಗೊತ್ತಿದ್ದೇ ಮಾಡದ್ದ್" ಎಂದ. "ಬ್ರಹ್ಮಾವರದಂಗೆ ಒಬ್ಳೇ ರೂಮ್ ಮಾಡ್ಕಂಡ್ ಇದ್ರೆ ನಾನ್ ಈ ಬಂದರಂಗೆ ತಲೆ ಎತ್ತಿ ತಿರ್ಗುಕಾತ್ತಾ? ಬೇಡ ಅಂದ್ರೆ ನೀ ಕೇಂತೆಯಾ? ಇಲ್ಲೆ. ಅದ್ಕೆ. ಮನೆಯಂಗೆ ನಿಂಗೆ ಎಂತ ಕಮ್ಮಿ ಆಯ್ತ್ ಹೇಳ್? ಉಂಬುಕ್ ಇಲ್ಯಾ, ಉಡುಕ್ ಇಲ್ಯಾ?"

"ಅಮ್ಮನ ಮೇಲೆ ಯಾಕ್ ಹಾಕ್ದೆ?"

"ಅಮ್ಮ ಅಲ್ದಾ, ಎಂತ ಆತ್ತ್ ಅವ್ಳಿಗೆ? ಎರಡ್ ದಿನ ಕಣ್ಣೀರ್ ಹಾಕ್ತ್ಳ್, ಮತ್ತೆ ಮರೀತ್ಳ್." ಆಮೇಲೆ ಕಾರ್ಡನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಬೇಕಾರೆ ಹೋಯಿ ಹೇಳ್. ನಂಬ್ತ್ಳಾ ಕಾಂಬ" ಎಂದ. ಆಚೆಯಿಂದ ಯಾರೋ ಬೋಟಿನವರು ಕೂಗಿದರು. ಅವನು ಎಂದಿನ ದೊಡ್ಡ ದನಿಯಲ್ಲಿ ಓಗೊಟ್ಟು ಹೋದ.

ಮನೆಗೆ ಬಂದಾಗ ಅಮ್ಮ ಹಿತ್ತಿಲಲ್ಲಿ ಮೆಟ್ಟುಕತ್ತಿಯ ಮೇಲೆ ಕೂತು ಬಂಗುಡೆ ಕೊಯ್ಯುತ್ತಿದ್ದಳು. ಅತ್ತಿಗೆ ಪೇಟೆಗೆ ಹೋಗಿದ್ದಳು. ಅಮ್ಮನ ಎದುರು ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದೆ. ಹುಳಿಯನ್ನು ನಾನೇ ಒರೆಸಿ ತೆಗೆದದ್ದು, ಟಿಕ್ ಎಂದದ್ದು, ಬಂದರಿನಲ್ಲಿ ಅವನು ಬಾಯಿಬಿಟ್ಟು ಹೇಳಿದ್ದು. ಮೊಬೈಲಿನ ಟಾರ್ಚು ಹಾಕಿ ಮುಕ್ಕಾದ ಮೂಲೆಯನ್ನು ಅವಳ ಕಣ್ಣಿನ ಹತ್ತಿರ ಹಿಡಿದೆ. ಒಂದು ಗುಲಗಂಜಿಯಷ್ಟು ತಪ್ಪೂ ಅವಳದ್ದಲ್ಲ, ಅದು ಅವಳಿಗೆ ತಿಳಿಯಬೇಕಿತ್ತು. ಅಷ್ಟಾದರೆ ಸಾಕು ಎನಿಸಿತ್ತು ನನಗೆ.

"ನಂಗ್ ಕಣ್ ಕಾಂತಿಲ್ಲೆ ಮಗಾ" ಎಂದಳು.

"ಮುಳ್ಳ್ ಕಾಂತ್, ಇದ್ ಕಾಂತಿಲ್ಯಾ?"

ಅವಳು ಮೀನನ್ನು ನೀರಿಗೆ ಹಾಕಿದಳು. ಮನೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ದನಿ ತಗ್ಗಿಸಿ ಮಾತಾಡಿದಳು. ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ.

"ಕಾಂತ್. ನಿನ್ನೆಯೇ ಗೊತ್ತಾಯ್ತ್. ಅವ ಸಣ್ಣವ ಇಪ್ಪತಿಗೂ ಹಾಂಗೇ, ಬೇಕಂದೇಳಿ ಮುರುದ್ರೆ ಮುಖ ಎತ್ತುದಿಲ್ಲೆ. ಹುಳಿಯಿಂದ ಹೋಯ್ತ್ ಅಂದ್ರೆ ನಂಗೊಂದ್ ಬೈಗುಳ. ಅಷ್ಟೇ ಅಲ್ದಾ? ಅವ ಮುರ್ದ ಅಂದೇಳಿ ಆದ್ರೆ ಗಲಾಟಿ ಆತ್ತ್, ನೀ ಎದ್ದ್ ಹೋತೆ. ನಿಂಗೆ ಕೈಯಂಗೆ ಕೆಲ್ಸ ಇತ್ತ್. ನಾನ್ ಎಲ್ಲ್ ಹೋಪುದ್? ಸಾಯುವರೆಗೂ ಅವ್ನ್ ಕೈ ಅನ್ನವೇ ಉಣ್ಕ್." ಒಂದು ಬಂಗುಡೆಯ ತಲೆ ಕೊಯ್ದು ಬದಿಗೆ ಹಾಕಿದಳು. "ನಾನ್ ಹುಳಿ ಹಾಕದ್ದೇ ಆಯ್ಲಿ. ನೀನೂ ಹಾಂಗೇ ಹೇಳ್."

ಅಣ್ಣ ನನ್ನ ಯಂತ್ರ ಮುರಿದಾಗ ಬಾರದ ಸಿಟ್ಟು ನನಗೆ ಆಗ ಬಂತು. ಅವಳು ಏನೂ ಅರಿಯದೆ ನೋಯುತ್ತಿದ್ದಾಳೆ ಎಂದುಕೊಂಡು ನಾನು ಬಂದರಿನವರೆಗೆ ಓಡಿದ್ದೆ. ಅವಳು ಎಲ್ಲ ಅರಿತು, ನಿನ್ನೆಯ ಊಟ ಬಿಟ್ಟು, ಅವನ ಸುಳ್ಳಿಗೆ ಮೊದಲ ಸಾಕ್ಷಿಯಾಗಿದ್ದಳು. "ಹಾಂಗಾರೆ ಅವ್ನಿಗೂ ನಿಂಗೂ ಎಂತ ವ್ಯತ್ಯಾಸ?" ಎಂದೆ. "ಅವ ನನ್ನ ಇಲ್ಲ್ ಕಟ್ಟಿ ಹಾಕದ್ದ್ ಅವ್ನ್ ಮರ್ಯಾದಿಗೆ. ನೀ ನಿನ್ ಗಂಜಿಗೆ." ಅಮ್ಮ ನೀರು ಬದಲಿಸಿ ಮೀನು ತೊಳೆದಳು. ನಾನು ಆಡಿದ ಮಾತಿನಲ್ಲಿ ಒಂದಕ್ಷರವನ್ನೂ ಇವತ್ತಿಗೂ ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಅದು ಸತ್ಯ, ಅವಳಿಗೂ ಅದು ಗೊತ್ತಿತ್ತು.

ಬ್ರಹ್ಮಾವರದವರು ಒಳ್ಳೆಯವರೇ. ವಿಷಯ ತಿಳಿದು ಅಯ್ಯೋ ಎಂದರು. ಸೀಸನ್ ಕಾಯುವುದಿಲ್ಲವಲ್ಲ, ಕೆಲಸವನ್ನು ಬೇರೊಬ್ಬನಿಗೆ ಕೊಟ್ಟರು, ಮೇಲಿನ ಕೋಣೆಯೂ ಅವನದ್ದಾಯಿತು. ಅವನಿಗೆ ಕೆಲಸ ಹೆಚ್ಚಾದಾಗ ನನಗೆ ಫೋನು ಮಾಡುತ್ತಾರೆ. ಬಸ್ಸಿನಲ್ಲಿ ಹೋಗಿ ಅವರ ಯಂತ್ರದ ಎದುರು ಕೂತು ಮಾಡಿಕೊಟ್ಟು ಬರುತ್ತೇನೆ. ಸಂಜೆಯೊಳಗೆ ಮನೆ ಸೇರಬೇಕು ಎಂದು ಅಣ್ಣ ಹೇಳಿಲ್ಲ. ಹೇಳುವ ಅಗತ್ಯವಿಲ್ಲ, ಕಡೇ ಬಸ್ಸೇ ಹೇಳುತ್ತದೆ. ಹೊಸ ಯಂತ್ರ ಮಾಡಿಕೊಂಡು ಹೊರಟೇಬಿಡಬೇಕು ಎಂದು ತಿಂಗಳಿಗೊಮ್ಮೆ ನಿಶ್ಚಯ ಮಾಡುತ್ತೇನೆ. ಆಗೆಲ್ಲ 'ನಾನ್ ಎಲ್ಲ್ ಹೋಪುದ್' ಎಂದ ಅಮ್ಮನ ಮಾತು ಕಾಲಿಗೆ ತೊಡರುತ್ತದೆ, ನನ್ನ ಸಿಟ್ಟು ಇನ್ನಷ್ಟು ಹೆಚ್ಚುತ್ತದೆ.

ಮೊನ್ನೆ ಅತ್ತಿಗೆಯ ತವರಿನವರು ವಂಡ್ಸೆಯಿಂದ ಊಟಕ್ಕೆ ಬಂದಿದ್ದರು. ಅಣ್ಣ ಬಂದರಿನಿಂದ ದೊಡ್ಡ ಅಂಜಲ್ ಮೀನು ತಂದಿದ್ದ. ಎಲ್ಲರೂ ಊಟಕ್ಕೆ ಕೂತಾಗ ಅವನಿಗೆ ಹುರುಪು ಬಂದು ಹುಳಿಯ ಕಥೆ ತೆಗೆದ. ಅದು ಈಗ ಅವನ ಬಾಯಲ್ಲಿ ಪೂರ್ತಿ ಪಳಗಿದೆ. ಅಮ್ಮ ಬಾವಿಕಟ್ಟೆಯಲ್ಲಿ ಕೂತದ್ದು, ನಾರು ಹಿಡಿದದ್ದು, ಕಂಪ್ಯೂಟರನ್ನು ಹಂಡೆ ಮಾಡಿದ್ದು, ಅಮ್ಮನ ದನಿಯನ್ನೇ ಅನುಕರಿಸಿ ಹೇಳುತ್ತಾನೆ. ಬಂದವರು ಅನ್ನ ಗಂಟಲಿಗೆ ಸಿಕ್ಕುವಷ್ಟು ನಕ್ಕರು. ಅಮ್ಮ ಬಡಿಸುತ್ತ ನಿಂತಿದ್ದಳು.

ಅತ್ತಿಗೆಯ ಅಮ್ಮ ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು. "ಹೌದನಾ ಹೆಣೆ? ಹುಳಿ ತಿಕ್ಕಿದ್ರೆ ಕಂಪ್ಯೂಟ್ರ್ ಹಾಳಾತ್ತಾ?"

ನಗು ನಿಂತಿತು. ಅಣ್ಣ ತುತ್ತು ಕೈಯಲ್ಲಿ ಹಿಡಿದು ನನ್ನನ್ನು ನೋಡಿದ. ಅಮ್ಮ ಸಾರಿನ ಪಾತ್ರೆ ಹಿಡಿದು ನನ್ನನ್ನು ನೋಡಿದಳು. ಅಣ್ಣನ ಕಣ್ಣಿನಲ್ಲಿ ಹೆದರಿಕೆಯಿರಲಿಲ್ಲ. ಹೆದರಿಕೆ ಇದ್ದದ್ದು ಅಮ್ಮನ ಕಣ್ಣಿನಲ್ಲಿ, ಅದೂ ನಾನು ಏನು ಹೇಳಿಬಿಡುತ್ತೇನೋ ಎಂದು.

"ಹೌದ್" ಎಂದೆ. "ಅಮ್ಮನೇ ಹಾಳ್ ಮಾಡದ್ದ್."

ಎಲ್ಲರೂ ಮತ್ತೆ ನಕ್ಕರು. ಅಮ್ಮನೂ ನಕ್ಕಳು. ಪಾತ್ರೆಯೊಳಗೆ ಸೌಟು ಹಾಕಿ ಹುಡುಕಿ, ಅಣ್ಣನನ್ನೂ ದಾಟಿ, ನೆಂಟರನ್ನೂ ದಾಟಿ, ಅಂಜಲಿನ ನಡುತುಂಡನ್ನು ತಂದು ನನ್ನ ತಟ್ಟೆಗೆ ಹಾಕಿದಳು. ಆ ಮನೆಯಲ್ಲಿ ನನಗೆ ನಡುತುಂಡು ಬಿದ್ದದ್ದು ಅದೇ ಮೊದಲು. ನಾನು ತಲೆ ಎತ್ತದೆ, ಮುಳ್ಳು ಬಿಡಿಸಿ ಬದಿಗಿಟ್ಟು, ಪೂರ್ತಿ ತಿಂದೆ.